ನೂರಾ ಐವತ್ತೆರಡು

ನನ್ನ ತಮ್ಮ ದೇವಾನಂದ ಡಿಜೆ. ಮದುವೆ, ಮೆರವಣಿಗೆ, ಹುಟ್ಟುಹಬ್ಬ, ಯಾರು ಕರೆದರೂ ಲ್ಯಾಪ್‌ಟಾಪು, ಸ್ಪೀಕರ್ ಪೆಟ್ಟಿಗೆ, ವೈರು ಎಲ್ಲ ಹೇರಿಕೊಂಡು ಹೋಗುತ್ತಾನೆ. ಇದನ್ನು ಹೇಳಿದಾಗಲೆಲ್ಲ ಕೇಳಿದವರ ಮುಖ ಒಂದು ಥರ ಆಗುತ್ತದೆ. ಅಕ್ಕ ಭುವನೇಶ್ವರಿ, ಅಂದರೆ ನಾನು, ಕೋಟನೂರಿನ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಅಪ್ಪ ಚಂದ್ರಶಾ ಕಲಬುರಗಿ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವನು, ಇಂಥ ಮನೆಯಲ್ಲಿ ಇವನೊಬ್ಬ ಎಲ್ಲಿಂದ ಬಂದ ಎಂದು ನೆಂಟರು ಕೇಳುತ್ತಾರೆ. ಕೇಳಲಿ. ಅವನ ಕೆಲಸ ಅವನಿಗೆ ಚೆನ್ನಾಗಿ ಬರುತ್ತದೆ, ಅಷ್ಟು ಸಾಕು. ಆದರೆ ಚೆನ್ನಾಗಿ ಬರುತ್ತದೆ ಎಂಬ ಆ ಸೊಕ್ಕಿನಿಂದಲೇ ಈ ಬೇಸಿಗೆಯಲ್ಲಿ ನಾವೆಲ್ಲ ಏನು ಮಾಡಿಕೊಂಡೆವು ಅನ್ನುವುದನ್ನು ಹೇಳಬೇಕಾಗಿದೆ. ನನ್ನನ್ನೂ ಸೇರಿಸಿಯೇ ಹೇಳುತ್ತೇನೆ, ಬಿಡುವುದಿಲ್ಲ.

ಅವನ ಹೆಂಡತಿ ರೇವತಿ ಕಮಲಾಪುರದವಳು. ಕೇಳಿದರೆ ಮಾತ್ರ ಮಾತಾಡುವ ಹುಡುಗಿ. ಆರನೆಯ ತಿಂಗಳಲ್ಲಿ ದವಾಖಾನೆಗೆ ಕರೆದುಕೊಂಡು ಹೋದಾಗ ಕೂಸಿನ ಎದೆಬಡಿತ ಕೇಳಿಸಿದರಂತೆ. ದೇವಾನಂದ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಅಕ್ಕ, ನೂರಾ ನಲವತ್ನಾಲ್ಕು! ಬರೋಬ್ಬರಿ ಮೆರವಣಿಗಿ ಹಾಡಿನ ಬೀಟ್. ಹುಟ್ಟಾಕಿಂತ ಮೊದ್ಲೇ ಕುಣ್ಯಾಕತ್ತದ ನನ್ನ ಕೂಸು."

ಮುಂದಿನ ವಾರ ಒಂದು ಪಾರ್ಸೆಲ್ ಬಂತು. ಅವ್ವ ದುಂಡಮ್ಮ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸಾಬೂನಿನ ಡಬ್ಬಿಯಷ್ಟಿದ್ದ ಯಂತ್ರ, ಅದಕ್ಕೊಂದು ವೈರು, ವೈರಿನ ತುದಿಗೆ ಹೊಟ್ಟೆಯ ಮೇಲಿಡುವ ಗುಂಡಿ.

"ಏನೋ ಅದು, ಮೈಕೇನು?"

"ಕೂಸಿನ ಎದಿ ಕೇಳೂ ಡಬ್ಬಿ ಬೇ."

"ಕೇಳಿ ಏನ್ ಮಾಡಾಂವ?"

"ಎಣಸ್ತೀನಿ."

ಅವ್ವ ಬಡಿಯುವುದನ್ನು ನಿಲ್ಲಿಸಿದಳು. "ಹೊಟ್ಟ್ಯಾಗಿನ ಕೂಸಿಂದು ಏನೂ ಎಣಸಬಾರದೋ ಹುಚ್ಚಪ್ಯಾಲಿ. ದೃಷ್ಟಿ ಆಗ್ತದ."

ಅಪ್ಪ ಪಡಸಾಲೆಯಿಂದಲೇ ಸೇರಿಸಿದ. "ಊರ ಮಂದಿ ಎದಿ ನಡುಗಿಸಿದ್ದು ಸಾಲಲಿಲ್ಲಂತ, ಈಗ ಹೊಟ್ಟ್ಯಾಗಿನ ಕೂಸಿಗೂ ಡಿಜೆ ಹಚ್ತಾನಂತ ನೋಡು."

ಆ ಡಬ್ಬಿಯಲ್ಲಿ ನಂಬರು ತೋರಿಸುವ ಗಾಜು ಎರಡೇ ದಿನಕ್ಕೆ ಸತ್ತುಹೋಯಿತು. ವಾಪಸು ಕಳಿಸು ಎಂದು ನಾನು ಹೇಳಿದೆ. ಅವನು ನಕ್ಕ.

"ಆವಾಜ್ ಬರ್ತದಲ್ಲ, ಸಾಕು. ನಂಬರ್ ತಗಿಯೂದು ನನ್ನ ಕೆಲಸ."

ಡಬ್ಬಿಗೂ ಲ್ಯಾಪ್‌ಟಾಪಿಗೂ ಒಂದು ವೈರು ಸಿಕ್ಕಿಸಿದ. ಅವನು ಹಾಡು ಕೂಡಿಸುವ ಸಾಫ್ಟ್‌ವೇರನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಎರಡು ಹಾಡುಗಳು ಎರಡು ಬಣ್ಣದ ಪಟ್ಟಿಗಳಾಗಿ ಓಡುತ್ತಿರುತ್ತವೆ. ಬೀಟು ಬಿದ್ದಲ್ಲೆಲ್ಲ ಗೆರೆ ಮೇಲೇಳುತ್ತದೆ. ನಿಮಿಷಕ್ಕೆ ಎಷ್ಟು ಬೀಟು ಎಂದು ಅದೇ ಎಣಿಸಿ ಮೇಲೆ ಬರೆಯುತ್ತದೆ. ಒಂದು ಹಾಡು ಮುಗಿಯುವಷ್ಟರಲ್ಲಿ ಇನ್ನೊಂದನ್ನು ಅದೇ ವೇಗಕ್ಕೆ ತಂದು, ಬೀಟಿನ ಮೇಲೆ ಬೀಟು ಕೂಡಿಸಿ, ಕುಣಿಯುವವರ ಕಾಲು ತಪ್ಪದ ಹಾಗೆ ದಾಟಿಸಬೇಕು. ಇದಕ್ಕೇ ಜನ ಅವನನ್ನು ಕರೆಯುವುದು.

"ಎರಡು ಬ್ಯಾರೆ ಹಾಡು ಎಷ್ಟ್ ಚಂದ ಕೂಡಿಸಿದ್ರೂ ತಾವಾಗಿ ಕೂಡಿ ನಿಂದ್ರೂದಿಲ್ಲಕ್ಕ. ಜರಾ ಕೈ ಬಿಟ್ರ ಒಂದು ಸರೀತದ. ಹತ್ತು ಎಣಸೂದ್ರಾಗ ಕಿವಿಗಿ ಗೊತ್ತಾಗ್ತದ. ಬೆರಳಿಲೆ ತಳ್ಳಿ ತಳ್ಳಿ ಜಾಗಾಕ್ಕ ತರಬೇಕು," ಎಂದು ವಿವರಿಸಿದ.

ಒಂದು ನಿಧಾನದ ಹಾಡಿನ ಮೇಲೆ ನೂರಾ ನಲವತ್ತು ಎಂದು ಬರೆದಿತ್ತು. ಇದೇನು, ತೂಕಡಿಸುವ ಹಾಡಿಗೆ ಇಷ್ಟು ವೇಗವೇ ಎಂದೆ.

"ಅದು ಎಪ್ಪತ್ತು ಬೀಟಿನ ಹಾಡು. ತೊಂಬತ್ತರ ಕೆಳಗಿಂದು ತೋರಸಬ್ಯಾಡ ಅಂತ ನಾನೇ ಹೇಳಿಟ್ಟೀನಿ, ಅದಕ್ಕ ಡಬಲ್ ಮಾಡಿ ತೋರಸ್ತದ. ಕುಣಿಯೂ ಹಾಡಿನ ಜೋಡಿ ಕೂಡಸಾಕ ಹಗೂರಾಗ್ತದ."

ಇಮ್ಮಡಿಯಾದರೆ ಬೀಟಿಗೆ ಬೀಟು ಕೂಡಿಯೇ ಕೂಡುತ್ತದೆ, ಲೆಕ್ಕ ಸರಿ ಇದೆ ಎಂದು ಗಣಿತದ ಮೇಡಂ ತಲೆಯಾಡಿಸಿದಳು. ಆಮೇಲೆ ಪೂರಾ ಮರೆತಳು.

ದಿನಾ ಮುಂಜಾನೆ ಚಹಾ ಆದ ಮೇಲೆ ರೇವತಿ ಕಾಟಿನ ಮೇಲೆ ಮಲಗುವುದು, ದೇವಾನಂದ ಗುಂಡಿ ಇಟ್ಟು ಹುಡುಕುವುದು, ಸ್ಪೀಕರಿನಲ್ಲಿ ಟುಕುಟುಕು ಎಂದು ಕೇಳುವುದು, ನಾವೆಲ್ಲ ಪರದೆಯ ಕಡೆ ಕತ್ತು ಚಾಚುವುದು. ಇದೇ ಮನೆಯ ಪದ್ಧತಿ ಆಯಿತು. ಒಂದು ದಿನ ಆ ಸದ್ದಿಗೆ ಹಾಡೊಂದನ್ನು ಕೂಡಿಸಿ ಹಾಕಿದಾಗ ಅಪ್ಪ ಕಾಲು ಕುಣಿಸಿದ್ದನ್ನು ನಾನು ಕಣ್ಣಾರೆ ನೋಡಿದೆ. ರೇವತಿ ನಡುನಡುವೆ ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು.

"ನಿನ್ನಿ ಭಾಳ ಒದೀತ್ರಿ, ಎಡಕ್ಕ ಬಂದು..."

"ಶ್! ಮಾತಾಡಬ್ಯಾಡ, ನಿನ್ನ ಆವಾಜ್ ಕೂಡಿ ಬರ್ತದ."

ಅವಳು ನಕ್ಕು ಸುಮ್ಮನಾಗುತ್ತಿದ್ದಳು. ನಾವೂ ನಗುತ್ತಿದ್ದೆವು. ಈಗ ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಹದಿನೈದು ದಿನದಲ್ಲಿ ಅಪ್ಪ ಪೂರಾ ಬದಲಾದ. ಎದ್ದ ಕೂಡಲೇ "ಇವತ್ತೆಷ್ಟೋ?" ಎಂದು ಕೇಳಿಕೊಂಡು, ನಂಬರನ್ನು ಚಹಾದಂಗಡಿಗೆ ಒಯ್ದು ಡಿಪೋದ ಹಳೆಯ ಗೆಳೆಯರ ಮುಂದೆ ಹೇಳಿ ಬರುತ್ತಿದ್ದ. ಅವ್ವ ಅವನಿಗಿಂತ ಒಂದು ವಾರ ಹೆಚ್ಚು ಗಟ್ಟಿಯಾಗಿದ್ದಳು. ಒಂದು ದಿನ ಒಲೆಯ ಮುಂದಿನಿಂದ ಅವಳ ದನಿಯೂ ಬಂತು. "ನಿನ್ನಿಕಿಂತ ಎರಡು ಕಮ್ಮಿ ಯಾಕಾತೋ?"

ಕುಬಸ, ಅಂದರೆ ಸೀಮಂತ, ಮುಗಿದ ಮೇಲೆ ರೇವತಿ ಬಾಣಂತನಕ್ಕೆ ಕಮಲಾಪುರಕ್ಕೆ ಹೋದಳು. ಅಲ್ಲಿ ಇರುವವರು ಅವಳ ತಾಯಿ ಸುಜಾತಾ ಒಬ್ಬರೇ. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾರೆ, ರಜೆ ಇದ್ದುದರಿಂದ ಮನೆಯಲ್ಲೇ ಇದ್ದರು. ದೇವಾನಂದ ಡಬ್ಬಿಯನ್ನು ಜೊತೆಗೆ ಕಳಿಸಿದ. ಅತ್ತೆಗೆ ಅರ್ಧ ದಿನ ಪಾಠ ಮಾಡಿದ: ಗುಂಡಿ ಹೀಗೆ ಇಡಬೇಕು, ವೈರು ಮೊಬೈಲಿಗೆ ಹೀಗೆ ಸಿಕ್ಕಿಸಬೇಕು, ಒಂದು ನಿಮಿಷ ರೆಕಾರ್ಡ್ ಮಾಡಿ ದಿನಾ ಏಳು ಗಂಟೆಗೆ ವಾಟ್ಸಾಪಿಗೆ ಹಾಕಬೇಕು. ಸುಜಾತಾ ಪರೀಕ್ಷೆಗೆ ಕೂತವರ ಹಾಗೆ ಕೇಳಿ ಕಲಿತರು. ಆ ರೆಕಾರ್ಡನ್ನು ಇವನು ಸಾಫ್ಟ್‌ವೇರಿಗೆ ಹಾಕುವುದು, ಬಂದ ನಂಬರನ್ನು ವಾಪಸು ಕಳಿಸುವುದು. "ನೂರಾ ನಲವತ್ತಾರು. ಫಸ್ಟ್ ಕ್ಲಾಸ್."

"ಆಕಿ ಜೋಡಿ ಎರಡು ಮಾತಾದ್ರೂ ಆಡ್ತಿಯೇನೋ?" ಅವ್ವ ಕೇಳಿದಳು.

"ಆವಾಜ್ ಕಳಸ್ಯಾಳಲ್ಲ ಬೇ, ಕೇಳೀನಿ."

"ಅದು ಕೂಸಿನ ಆವಾಜ್. ಆಕೀದಲ್ಲ."

"ಲಗ್ನದ ಸೀಜನ್ ಅದ. ಒಂದಿನಾನೂ ಖಾಲಿ ಇಲ್ಲ. ಆಕಿ ಬಂದ ಮ್ಯಾಲ ಮಾತಾಡ್ತೀನಿ ತಗಿ."

ಮೇ ತಿಂಗಳ ಎರಡನೆಯ ವಾರ. ಕಲಬುರಗಿಯ ಬಿಸಿಲನ್ನು ನಾನು ಯಾರಿಗೂ ವರ್ಣಿಸಬೇಕಾಗಿಲ್ಲ. ಗುರುವಾರ ಮುಂಜಾನೆ ರೇವತಿ ನನಗೆ ಫೋನ್ ಮಾಡಿದಳು. ಅವಳಾಗಿ ಫೋನ್ ಮಾಡುವುದೇ ಅಪರೂಪ.

"ಅಕ್ಕಾರ, ನಿನ್ನಿಯಿಂದ ಕೂಸು ಜರಾ ಕಮ್ಮಿ ಆಡಾಕತ್ತದ್ರಿ."

"ರೆಕಾರ್ಡ್ ಕಳಸಿಯೇನು?"

"ಕಳಸೀನ್ರಿ."

ದೇವಾನಂದ ಎದುರಿಗೇ ಕೂತು ಸುಸಲಾ ತಿನ್ನುತ್ತಿದ್ದ. ಎಡಗೈಯಿಂದ ಲ್ಯಾಪ್‌ಟಾಪು ತಿರುಗಿಸಿ ತೋರಿಸಿದ. ನೂರಾ ಐವತ್ತು.

"ನೂರಾ ಐವತ್ತು ಬಂದದ ನೋಡು ರೇವತಿ. ಏನೂ ಫಿಕೀರ್ ಮಾಡಬ್ಯಾಡ," ಎಂದೆ.

"ಹಂಗಾದ್ರ ಆಯ್ತ್ರಿ."

ಶುಕ್ರವಾರ ಸುಜಾತಾ ಅವರ ಫೋನು. ಮಗಳು ಅಳುತ್ತಿದ್ದಾಳೆ, ಇಲ್ಲಿಯ ದವಾಖಾನೆಗೆ ಒಮ್ಮೆ ತೋರಿಸಿಕೊಂಡು ಬರಲೇ ಎಂದು ಕೇಳಿದರು. ಮಗಳನ್ನು ದವಾಖಾನೆಗೆ ಒಯ್ಯಲು ಅವರು ನನ್ನನ್ನು ಯಾಕೆ ಕೇಳಬೇಕಾಗಿತ್ತು? ಬೀಗರ ಮನೆಯವರು, ಓದಿದವರು, ನಂಬರು ತೆಗೆಯುವವರು ಎಂದು ಕೇಳಿದರು. ನಾನೂ ದೊಡ್ಡಸ್ತಿಕೆಯಿಂದ ಉತ್ತರ ಕೊಟ್ಟೆ.

"ನಲವತ್ಮೂರು ಡಿಗ್ರಿ ಬಿಸಿಲಾಗ ಆಕೀನ ಕರ್ಕೊಂಡು ಎಲ್ಲಿ ದವಾಖಾನಿ ಸಾಲಿನ್ಯಾಗ ಕೂಡ್ತೀರಿ? ಬಿಸಿಲು ಬಡದ್ರ ಇಲ್ಲದ ತ್ರಾಸಾಗ್ತದ. ನಂಬರ್ ಚಲೋ ಅದ. ಭಾನುವಾರ ನಾವೇ ಬರ್ತೀವಿ."

"ನೀವು ಹೇಳಿದ್ರ ಆಯ್ತ್ರಿ," ಎಂದರು ಅವರು.

ಶನಿವಾರ ರೇವತಿ ನೇರ ಗಂಡನಿಗೇ ಫೋನ್ ಮಾಡಿದಳು. ಅವನು ಮದುವೆಗೆ ಹೊರಡಲು ವೈರು ಸುತ್ತುತ್ತಿದ್ದ, ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟಿದ್ದ.

"ನಿನ್ನಿ ಸಂಜೀಯಿಂದ ಒಮ್ಮೆನೂ ಆಡಿಲ್ಲರಿ."

"ನೂರಾ ಐವತ್ನಾಲ್ಕು ಬಂದದಲ್ಲ ರೇವತಿ ಇವತ್ತು. ಮಲಗಿರ್ತದ. ಈ ಝಳಕ್ಕ ನಮಗೇ ಕೈಕಾಲು ಆಡವಲ್ವು."

"ನನಗ ಹೆದರಿಕಿ ಆಗಾಕತ್ತದ್ರಿ."

"ನಾಳಿ ಬರಾಕತ್ತೀನಲ್ಲ. ನಾನೇ ಹಚ್ಚಿ ತೋರಸ್ತೀನಿ."

ಫೋನು ಇಟ್ಟ ಮೇಲೆ ಅವ್ವ ಅಡಿಗೆಮನೆಯಿಂದ ಹೊರಗೆ ಬಂದಳು. "ದೇವೂ, ಕೂಸು ಹೊತ್ತಾಕಿ ಆಕಿ. ಆಕಿ ಹೇಳೂದನ್ನ ಜರಾ ಕಿವಿಗಿ ಹಾಕ್ಕೊ."

"ನಿನ್ನ ಕಾಲದಾಗ ಯಂತ್ರ ಇರಲಿಲ್ಲ, ಅದಕ್ಕ ಹಂಗ ಅಂತಿ. ಈಗ ಕಣ್ಣೆದುರಿಗೇ ನಂಬರ್ ಕಾಣಸ್ತದ," ಎಂದ ಅಪ್ಪ.

ಅವ್ವ ನನ್ನ ಕಡೆ ನೋಡಿದಳು. ನನಗೆ ಆಗಲೇ ಹೆದರಿಕೆ ಹುಟ್ಟಿತ್ತು, ಸುಳ್ಳು ಹೇಳುವುದಿಲ್ಲ.  ಆದರೂ ನೂರಾ ಐವತ್ನಾಲ್ಕು ಅನ್ನುವುದನ್ನು ಹಿಡಿದುಕೊಂಡು ಕೂತೆ. ಅವ್ವನೂ ಒಳಗೆ ಹೋದಳು.

ಭಾನುವಾರ ನಾವು ನಾಲ್ವರೂ ನಬಿಸಾಬ್‌ನ ಕಾರಿನಲ್ಲಿ ಹೊರಟೆವು. ನಬಿಸಾಬ್ ಅಂದರೆ ದೇವಾನಂದನ ಡಿಜೆ ಗಾಡಿ ಓಡಿಸುವವನು, ಮನೆಯವನ ಹಾಗೆಯೇ. ಅವ್ವ ನಸುಕಿನಲ್ಲೇ ಎದ್ದು ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಯ ಮಾಡಿ ಕಟ್ಟಿಕೊಂಡಿದ್ದಳು. 

ರೇವತಿ ಬಾಗಿಲಿಗೆ ಬರಲಿಲ್ಲ. ಒಳಗೆ ಕಾಟಿನ ಮೇಲೆ ಗೋಡೆಗೆ ಆತು ಕೂತಿದ್ದಳು. ಅವಳ ಮುಖ ನೋಡಿ ಅವ್ವ "ಯವ್ವಾ, ಹಿಂಗ್ಯಾಕ ಆಗೀದಿ?" ಅಂದಳು. ರೇವತಿ ಅತ್ತೆಯ ಕೈ ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅವ್ವ ಕೈ ಹಿಂತೆಗೆದು ಮಗನ ಕಡೆ ತಿರುಗಿದಳು.

"ಮೊದ್ಲು ಹಚ್ಚೋ," ಎಂದಳು ಮಗನಿಗೆ.

ಅವನು ಲ್ಯಾಪ್‌ಟಾಪು ತೆರೆದ. ಸಣ್ಣ ಸ್ಪೀಕರು ಇಟ್ಟ. ಸುಜಾತಾ ಗುಂಡಿ ಹಿಡಿದು ಆಚೆ ಈಚೆ ಸರಿಸಿದರು. ಒಂದು ಕಡೆ ಸದ್ದು ಹಿಡಿಯಿತು, ಹುಶ್ ಹುಶ್ ಎಂದು. ಪರದೆಯ ಮೇಲೆ ನಂಬರು ಬಂತು. ನೂರಾ ಐವತ್ತೆರಡು.

"ನೋಡ್ದೇನು?" ದೇವಾನಂದನ ದನಿ ಒಡೆಯಿತು, ಅಷ್ಟು ಸಮಾಧಾನ ಅವನಿಗೆ. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಅವ್ವ ಕೈ ಮುಗಿದಳು. ನಾನಂತೂ ನೆಲದ ಮೇಲೆ ಕೂತುಬಿಟ್ಟೆ. ಹಸಿವಾಗಿದೆ ಅನ್ನುವುದು ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ಅವ್ವ ಅಲ್ಲೇ ತಾಟು ಹಾಕಿದಳು. ನಬಿಸಾಬ್ ಹೊಸ್ತಿಲ ಬಳಿ ಕೂತ. ಸುಜಾತಾ ಮಾತ್ರ ಗುಂಡಿ ತೆಗೆಯಲಿಲ್ಲ, ಕೇಳುತ್ತಲೇ ಇರಬೇಕು ಅನಿಸಿತ್ತೋ ಏನೋ. ಸ್ಪೀಕರು ಹುಶ್ ಹುಶ್ ಅನ್ನುತ್ತಲೇ ಇತ್ತು.

ರೇವತಿ ಉಣ್ಣಲಿಲ್ಲ. ದೇವಾನಂದ ಹೋಳಿಗೆ ಮುರಿದುಕೊಂಡು ಕಾಟಿನ ಮೇಲೆ ಅವಳ ಪಕ್ಕ ಕೂತ. ಎಡಗೈಯಿಂದ ಅವಳ ಮಣಿಕಟ್ಟು ಹಿಡಿದ.

"ಒಂದು ತುತ್ತರ ತಿನ್ನ. ಕೇಳಾಕತ್ತದಲ್ಲ, ಚಲೋ ಅದ ಕೂಸು."

ಅವಳು ಮುಖ ತಿರುಗಿಸಿದಳು. ಅವನು ಇನ್ನೇನೋ ಹೇಳಲು ಹೋದವನು ಹಾಗೇ ನಿಂತ. ಹೋಳಿಗೆ ಹಿಡಿದ ಕೈ ಗಾಳಿಯಲ್ಲೇ ಇತ್ತು. ಅವನ ಹುಬ್ಬು ಗಂಟಾಯಿತು. ಕಣ್ಣು ಮುಚ್ಚಿದ. ಹಾಡು ಕೂಡಿಸುವಾಗ ಮಾಡುವ ಮುಖ ಅದು, ನನಗೆ ಗೊತ್ತು.

"ಅಕ್ಕ, ಆವಾಜ್ ಜಾಸ್ತಿ ಮಾಡು."

ಮಾಡಿದೆ.

"ಯಾರೂ ಮಾತಾಡಬ್ಯಾಡ್ರಿ."

ಎಲ್ಲರೂ ತುತ್ತು ಹಿಡಿದುಕೊಂಡೇ ಕೂತೆವು. ಎಷ್ಟು ಹೊತ್ತು ಹೋಯಿತೋ. ಅವನು ಕಣ್ಣು ತೆರೆದ.

"ಜಾಗಾ ಬಿಟ್ಟು ಸರಿಯವಲ್ದು," ಅಂದ.

"ಏನು ಸರಿಯವಲ್ದು?"

"ಕೈಯಾಗಿನ ನಾಡಿ, ಸ್ಪೀಕರಿನ್ಯಾಗಿನ ಆವಾಜ್, ಎರಡೂ ಸರಿಯವಲ್ವು. ಆಗಿಂದ ಕೂಡೇ ನಿಂತಾವ. ಬ್ಯಾರೆ ಬ್ಯಾರೆ ಇದ್ರ ಸರೀಬೇಕಕ್ಕ. ಸರದೇ ಸರೀಬೇಕು." ಮಣಿಕಟ್ಟು ಬಿಟ್ಟು ಗುಂಡಿಯ ಕಡೆ ನೋಡಿದ. "ಇದು ಕೂಸಿಂದಲ್ಲ. ಇದು ರೇವತಿದು. ನಾ ಆಕೀದೇ ನಾಡಿ ಎಣಸೀನಿ."

"ಮತ್ತ ನೂರಾ ಐವತ್ತೆರಡು?" ಎಂದೆ. ಎನ್ನುವಾಗಲೇ ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಹುಶ್ ಅನ್ನುವುದನ್ನು ಬಾಯಿಬಿಟ್ಟು ಎಣಿಸತೊಡಗಿದೆ. ಅರ್ಧ ನಿಮಿಷಕ್ಕೆ ಮೂವತ್ತೆಂಟು. ನಿಮಿಷಕ್ಕೆ ಎಪ್ಪತ್ತಾರು. ತೊಂಬತ್ತರ ಕೆಳಗಿನದನ್ನು ಅದು ಇಮ್ಮಡಿ ಮಾಡಿ ತೋರಿಸುತ್ತದೆ. ನನ್ನ ಮುಂದೆಯೇ ಹೇಳಿದ್ದ, ನಾನೇ ತಲೆಯಾಡಿಸಿದ್ದೆ.

"ಹಂಗಾದ್ರ ಕೂಸಿಂದು ಎಲ್ಲಿ ಅದ?" ಅವ್ವ ಕೇಳಿದಳು.

 ಸುಜಾತಾ ಗುಂಡಿಯನ್ನು ಹೊಟ್ಟೆಯ ತುಂಬ ಓಡಿಸಿದರು, ಮೇಲೆ, ಕೆಳಗೆ, ಪಕ್ಕಕ್ಕೆ.  ಸ್ಪೀಕರಿನಲ್ಲಿ ಬರೀ ಗಾಳಿ ಬೀಸಿದ ಸದ್ದು. ರೇವತಿ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ನಬಿಸಾಬ್ ತಾಟು ಬಿಟ್ಟು ಎದ್ದ.

"ಭಾಬಿನ್ನ ಎಬ್ಬಸ್ರಿ. ಗಾಡಿ ಚಾಲೂ ಮಾಡ್ತೀನಿ."

ಹಿಂದಿನ ಸೀಟಿನಲ್ಲಿ ರೇವತಿಯನ್ನು ನಾನೂ ಸುಜಾತಾ ಅವರೂ ನಡುವೆ ಹಿಡಿದುಕೊಂಡೆವು. ಅಪ್ಪ ಅವ್ವ ಬಸ್ಸಿಗೆ ಬರುತ್ತೇವೆಂದು ಉಳಿದರು. ಕಲಬುರಗಿಗೆ ಒಂದು ತಾಸಿನ ದಾರಿ. ಮಹಾಗಾಂವ ಕ್ರಾಸ್ ಬರುವಷ್ಟರಲ್ಲಿ ದೇವಾನಂದ ಮುಂದಿನ ಸೀಟಿನಿಂದ ಮೂರು ಸಲ ಹಿಂದಿರುಗಿ ಕೇಳಿದ, "ಆಡ್ತೇನು ರೇವತಿ? ಜರಾನರ ಆಡ್ತೇನು?" ಮೂರು ಸಲವೂ ಅವಳು ಕಿಟಕಿಯ ಕಡೆ ನೋಡಿದಳು. ರಸ್ತೆಯ ಪ್ರತಿ ಉಬ್ಬಿಗೂ ಸುಜಾತಾ "ಹಳೂ ಹೊಡಿಯೋ ನನ್ನಪ್ಪ" ಎನ್ನುವರು, ಮರುಗಳಿಗೆಯೇ "ಲಗೂ ಹೊಡಿಯೋ" ಎನ್ನುವರು. ನಾನು ಜೀವಮಾನದಲ್ಲಿ ಅಷ್ಟು ಹೆದರಿರಲಿಲ್ಲ. ಕೂಸು ಹೋಗಿದೆ ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ಬಿಸಿಲಿಗೆ ಕರೆದೊಯ್ಯಬೇಡಿ ಎಂದವಳು ನಾನು.

ದವಾಖಾನೆಯಲ್ಲಿದ್ದವರು ಡಾಕ್ಟರ್ ಮರಿಯಮ್. ತಮ್ಮ ಯಂತ್ರ ಇಟ್ಟು ಬಹಳ ಹೊತ್ತು ಹುಡುಕಿದರು. 

"ಅದ," ಎಂದರು ಕೊನೆಗೆ. "ಆದ್ರ ಭಾಳ ನಿಧಾನ ಅದ. ಈಗಿಂದೀಗ ಆಪರೇಷನ್ ಮಾಡಬೇಕು. ಎಂದಿನಿಂದ ಆಡವಲ್ದು?"

ಕೇಳಿದ್ದು ಗಂಡನನ್ನು. ದೇವಾನಂದ ಮೊಬೈಲು ತೆಗೆದು ದಿನಾ ಕಳಿಸಿದ ನಂಬರುಗಳನ್ನು ತೋರಿಸಿದ, ನೂರಾ ಐವತ್ತು, ನೂರಾ ಐವತ್ನಾಲ್ಕು. ಅವರು ಅದನ್ನು ನೋಡಿ ಅವನ ಮುಖ ನೋಡಿದರು.

"ಇದನ್ನ ಯಾರನ್ನ ಕೇಳಿ ಮಾಡಿದ್ರಿ?"

ಅವನು ಮೊಬೈಲು ಜೇಬಿಗೆ ಹಾಕಿ ಆಪರೇಷನ್ನಿನ ಕಾಗದಕ್ಕೆ ಸಹಿ ಮಾಡಿದ. 

ಹೆಣ್ಣುಕೂಸು ಹುಟ್ಟಿತು. ಅಳಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಇಷ್ಟಗಲದ್ದೊಂದನ್ನು ನರ್ಸು ನಮ್ಮ ಮುಂದೆಯೇ ಎತ್ತಿಕೊಂಡು ಓಡುತ್ತಾ ಗಾಜಿನ ಕೋಣೆಗೆ ಒಯ್ದಳು. ಅಪ್ಪ ಅವ್ವ ಬಂದು ತಲುಪಿದಾಗ ಡಾಕ್ಟರು ಹೊರಗೆ ಬಂದು ಹೇಳಿದರು: ಜೀವ ಇದೆ, ಉಸಿರಿಗೆ ಯಂತ್ರ ಹಚ್ಚಿದ್ದೇವೆ, ಮೆದುಳಿಗೆ ಎಷ್ಟು ಹೊತ್ತು ರಕ್ತ ಕಮ್ಮಿ ಆಗಿತ್ತೋ ಗೊತ್ತಿಲ್ಲ, ಈಗ ಏನೂ ಹೇಳಲು ಬರುವುದಿಲ್ಲ. ಅವ್ವ ಗೋಡೆ ಹಿಡಿದು ಕೆಳಗೆ ಕೂತಳು.

ಹನ್ನೊಂದು ದಿನ ಹಾಗೆ ಹೋದವು. ಅವ್ವ ಮುಂಜಾನೆ ನಾಲ್ಕಕ್ಕೇ ಎದ್ದು ಗಂಜಿ, ತೆಳ್ಳನೆಯ ಬೇಳೆಸಾರು ಮಾಡುವಳು. ನಾನು ಬಸ್ಸಿನಲ್ಲಿ ಡಬ್ಬಿ ಒಯ್ಯುವೆ. ಸುಜಾತಾ ವಾರ್ಡಿನಲ್ಲೇ ಉಳಿದರು. ದೇವಾನಂದ ಹಿಡಿದ ಮದುವೆಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟು ದವಾಖಾನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಮೂರನೆಯ ದಿನ ನಾನು ಹೋದಾಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ. ರೇವತಿ ಕಳಿಸಿದ್ದ ರೆಕಾರ್ಡುಗಳನ್ನು ಒಂದೊಂದಾಗಿ ಕೇಳುತ್ತಿದ್ದ.

"ಮಂಗಳವಾರದ ತನಕ ಕೂಸಿಂದೇ ಅದ," ಅಂದ. "ಬುಧವಾರದಿಂದ ಆಕೀ ನಾಡಿ. ಕಿವಿಲೆ ಕೇಳಿದ್ರ ಯಾರಿಗಾದ್ರೂ ಗೊತ್ತಾಗ್ತಿತ್ತಕ್ಕ. ಎಷ್ಟ್ ನಿಧಾನ ಅದ ನೋಡು. ನಾ ಕೇಳಲೇ ಇಲ್ಲ, ನಂಬರ್ ನೋಡಿ ಬಂದ್ ಮಾಡೀನಿ."

ಅವನು ಅತ್ತ. ನಾನು ಪಕ್ಕದಲ್ಲಿ ಕೂತೆ. ಸಮಾಧಾನ ಮಾಡುವ ಯೋಗ್ಯತೆ ನನಗೂ ಇರಲಿಲ್ಲ.

ಮನೆಯಲ್ಲಿ ಜಗಳವಾಯಿತು. ಅಪ್ಪ ಊಟಕ್ಕೆ ಕೂತವನು ಒಮ್ಮೆಲೇ ತಾಟು ದೂಡಿದ. "ಆ ಡಬ್ಬಿ, ಆ ಪೆಟ್ಟಿಗಿ ಎಲ್ಲಾ ಒಡದು ಹಾಕ್ತೀನಿ. ಮನಿ ಹಾಳ್ ಮಾಡ್ದ."

"ಒಡಿ," ಎಂದಳು ಅವ್ವ. "ದಿನಾ ಎದ್ದು ಎಷ್ಟೋ ಎಷ್ಟೋ ಅಂತ ಕೇಳ್ದಾಂವ ಯಾರು? ನಿನ್ನ ಕಾಲದಾಗ ಯಂತ್ರ ಇರಲಿಲ್ಲ ಅಂತ ನನ್ನ ಬಾಯಿ ಮುಚ್ಚಿಸ್ದಾಂವ ಯಾರು?"

"ನೀನೂ ಕೇಳ್ತಿದ್ದಿ!"

"ಕೇಳೀನಿ. ಅದಕ್ಕೇ ಅವತ್ತು ಸುಮ್ಮನಾದೆ. ಹೊಟ್ಟಿ ಮುಟ್ಟಿ ನೋಡಬೇಕಾದಾಕಿ ನಂಬರ್ ಕೇಳ್ಕೋತ ಕೂತೆ."

ಅಪ್ಪ ತಾಟನ್ನು ಮತ್ತೆ ಹತ್ತಿರ ಎಳೆದುಕೊಂಡ. 

ರೇವತಿ ನಮ್ಮ ಯಾರಿಗೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಗಂಜಿ ಕೊಟ್ಟರೆ ಕುಡಿಯುವಳು, ಹಾಲು ಹಿಂಡಿಕೊಡಲು ಕರೆದರೆ ಗಾಜಿನ ಕೋಣೆಗೆ ಹೋಗುವಳು, ಬಂದು ಗೋಡೆಯ ಕಡೆ ಮಲಗುವಳು. ಗಂಡ ಬಂದು ನಿಂತರೆ ಕಣ್ಣು ಮುಚ್ಚುವಳು. ಏಳನೆಯ ದಿನ ಉಸಿರಿನ ಯಂತ್ರ ತೆಗೆದರು. ಕೂಸು ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅತ್ತಿತು. ಒಂಬತ್ತನೆಯ ದಿನ ತಾಯಿಯ ಪಕ್ಕಕ್ಕೆ ತಂದು ಮಲಗಿಸಿದರು. ಆಗ ನಾವೆಲ್ಲ ತುಸು ಉಸಿರು ಬಿಟ್ಟೆವು. ದೇವಾನಂದ ಹಾಲು ಕುಡಿದ ವೇಳೆಯನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡತೊಡಗಿದ. ಅಪ್ಪ ಒಂದು ಪಟ್ಟಿ ಮಾಡಿಕೊಂಡಿದ್ದ, ತೂಕ ದಿನಕ್ಕೆ ಎಷ್ಟು ಗ್ರಾಂ ಏರಿತು ಅಂತ.

ಹನ್ನೊಂದನೆಯ ದಿನ ಬಿಡುಗಡೆ. ಡಾಕ್ಟರ್ ಮರಿಯಮ್ ಕಾಗದ ಬರೆಯುತ್ತಾ ಕೇಳಿದರು, "ಹೆಂಗದ ಕೂಸು? ಹಾಲು ಕುಡೀತದೇನು?"

ದೇವಾನಂದ ಚೀಟಿ ತೆಗೆದ. ಅಪ್ಪ ಕನ್ನಡಕ ಹಾಕಿಕೊಂಡ. ನಾನೂ ಬಾಯಿ ತೆರೆದಿದ್ದೆ. ಮೂವರೂ ಒಟ್ಟಿಗೇ ತಡೆದೆವು. ಏನಾಯಿತೋ, ಮೂವರೂ ರೇವತಿಯ ಕಡೆ ತಿರುಗಿದೆವು.

"ಆಕೀನ ಕೇಳ್ರಿ," ಅಂದ ದೇವಾನಂದ.

ಡಾಕ್ಟರು ತಲೆ ಎತ್ತಿದರು. "ಹೇಳಮ್ಮ."

ರೇವತಿ ಕೂಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.  ಒಂದೇ ಸಮನೆ ಹೇಳಿದಳು.

"ಕುಡೀತಾಳ್ರಿ, ಬಿಟ್ಟು ಬಿಟ್ಟು ಕುಡೀತಾಳ. ನಡುವ ದಣೀತಾಳ. ಅಳು ಮೊದಲಿಗಿಂತ ಜೋರಾಗ್ಯದ. ಎಡಗೈ ಮಾತ್ರ ಆಡಸವಲ್ಲಳ್ರಿ. ಬಲಗೈ ಮುಷ್ಟಿ ಮಾಡ್ತಾಳ, ನನ್ನ ಬೆರಳು ಹಿಡೀತಾಳ. ಎಡಗೈಯಾಗ ಬೆರಳು ಇಟ್ರ ಹಂಗೇ ಬಿದ್ದಿರ್ತದ್ರಿ."

ನಮ್ಮ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಎರಡು ದಿನದಿಂದ ನಾವು ಐದು ಜನ ಆ ಕೂಸಿನ ಸುತ್ತಲೇ ಇದ್ದೆವು. 

"ಎಂದಿನಿಂದ?" ಡಾಕ್ಟರು ಪೆನ್ನು ಕೆಳಗಿಟ್ಟರು.

"ಮೊನ್ನಿ, ಪಕ್ಕಕ್ಕ ತಂದು ಹಾಕಿದಾಗಿಂದ್ರಿ."

"ಮೊನ್ನಿಯಿಂದ?" ದೇವಾನಂದ ಚೀಟಿ ಮಡಿಚಿ ಅವಳ ಕಡೆ ಬಂದ. "ನನಗ ಯಾಕ ಹೇಳ್ಲಿಲ್ಲ ರೇವತಿ?"

ಹನ್ನೊಂದು ದಿನದಲ್ಲಿ ಮೊದಲ ಸಲ ಅವಳು ಗಂಡನ ಮುಖವನ್ನು ನೇರವಾಗಿ ನೋಡಿದಳು.

"ನಿಮಗ ಹೇಳಿದ್ರ ಎಣಸ್ತಿದ್ರಿ," ಎಂದಳು. ಆಮೇಲೆ ಕೂಸನ್ನು ಡಾಕ್ಟರ ಮೇಜಿನ ಮೇಲೆ ಮಲಗಿಸಿ, ಎಡಗೈಯ ಬಟ್ಟೆಯನ್ನು ತಾನೇ ಬಿಚ್ಚತೊಡಗಿದಳು.